ಮೋಡದ ಮೇಲಿನ ಮಿಂಚು, ಡೈರಿಗೆ ಹಾಲು ತರುವ ಹೊತ್ತು

(ಸಂಘದ ಬೆಳ್ಳಿಹಬ್ಬದ ಎರಡನೆಯ ದಿನದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರುಗಳಾದ ನಮ್ಮನ್ನೂ ನೆನೆದು, ವೇದಿಕೆಯ ಮೇಲೆ ಜಾಗ ಕೊಟ್ಟಿದ್ದೀರಿ. ನಿನ್ನೆ ಪಶುವೈದ್ಯರು ಕೆಚ್ಚಲು ಬಾವಿನ ಬಗ್ಗೆ ಹೇಳಿದರು, ಹಸಿರು ಮೇವಿನ ಬಗ್ಗೆಯೂ ಒಳ್ಳೆಯ ಮಾತು ನಡೆಯಿತು. ಇಂದು ನಾವು ಆರಿಸಿಕೊಂಡಿರುವುದು ಸಿಡಿಲು, ಸೂರ್ಯ ಮತ್ತು ನಮ್ಮ ನೆತ್ತಿಯ ಮೇಲಿರುವ ಎತ್ತರದ ವಾಯುಮಂಡಲ. "ಡೈರಿಗೂ ಆಕಾಶಕ್ಕೂ ಏನ್ರಪ್ಪಾ ಸಂಬಂಧ?" ಅಂತ ಹಿಂದಿನ ಸಾಲಿನಲ್ಲಿ ಯಾರಾದರೂ ಅಂದುಕೊಂಡರೆ ತಪ್ಪಿಲ್ಲ. ಸಂಬಂಧ ಇದೆ. ಅದನ್ನು ಹೇಳುವುದಕ್ಕೇ ನಾವು ಬಂದಿದ್ದೇವೆ.

ನಮ್ಮ ಕಡೆ ಸಿಡಿಲು ಬಡಿಯುವುದು ಯಾವ ಮಳೆಗೆ? ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳಿಗೆ. ಮತ್ತೆ ಹಿಂಗಾರಿನ ಚಿತ್ತೆ, ಸ್ವಾತಿಗೆ. ಜೂನ್, ಜುಲೈ ತಿಂಗಳ ಮುಂಗಾರು ಹಗಲೂ ರಾತ್ರಿ ಸುರಿದರೂ ಅಷ್ಟಾಗಿ ಗುಡುಗುವುದಿಲ್ಲ. ಬೇಸಿಗೆಯ ಮಳೆಯಾದರೋ ಮಧ್ಯಾಹ್ನ ಮೂರರ ಮೇಲೆ ಮೋಡ ಕಟ್ಟುತ್ತದೆ, ಐದು ಆರರ ಹೊತ್ತಿಗೆ ಸಿಡಿಯುತ್ತದೆ. ಅದೇ ಹೊತ್ತಿಗೆ ನಾವೇನು ಮಾಡ್ತಿರ್ತೀವಿ? ಹೊಲದಿಂದ ದನ ಹೊಡೆದುಕೊಂಡು ಬಂದು, ಹಾಲು ಕರೆದು, ಕ್ಯಾನು ಹಿಡಿದು ಬಯಲಿನ ದಾರಿಯಲ್ಲಿ ಡೈರಿಗೆ ಓಡ್ತಿರ್ತೀವಿ. ಹಾಲಿನ ಲಾರಿ ಯಾರಿಗೂ ಕಾಯುವುದಿಲ್ಲವಲ್ಲ!

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಂತೆ 2022ರಲ್ಲಿ ನಮ್ಮ ದೇಶದಲ್ಲಿ ಸಿಡಿಲಿಗೆ ಬಲಿಯಾದವರು 2,887 ಮಂದಿ. ಅದರ ಹಿಂದಿನ ವರ್ಷ 2,880. ಆ ವರ್ಷಗಳಲ್ಲಿ ಪ್ರಕೃತಿ ವಿಕೋಪದಿಂದ ಸತ್ತವರಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಸಿಡಿಲಿನಿಂದಲೇ ಸತ್ತರು. ಪ್ರವಾಹವಾಗಲಿ ಬಿಸಿಲಾಗಲಿ ಚಳಿಯಾಗಲಿ ಅಷ್ಟು ಜನರನ್ನು ಕೊಂಡೊಯ್ಯಲಿಲ್ಲ. ಇವರಲ್ಲಿ ಬಹುಪಾಲು ಜನ ನಮ್ಮಂಥವರೇ: ಹೊಲದಲ್ಲಿದ್ದವರು, ದನ ಕಾಯುತ್ತಿದ್ದವರು, ಮಳೆ ಬಂತೆಂದು ಮರದ ಕೆಳಗೆ ನಿಂತವರು.

ಗುಡುಗಿದಾಗ ನಮ್ಮ ಅಜ್ಜಿಯರು ಅರ್ಜುನನ ಹೆಸರುಗಳನ್ನು ಹೇಳಿಸುತ್ತಿದ್ದರು. ಹೆದರಿದ ಮಕ್ಕಳಿಗೆ ಅದರಿಂದ ಧೈರ್ಯ ಬರುತ್ತಿತ್ತು. ಆ ಧೈರ್ಯದ ಜೊತೆಗೆ ಸಿಡಿಲು ಎಲ್ಲಿ ಹುಟ್ಟುತ್ತದೆ, ಎಲ್ಲಿಯ ತನಕ ಹೋಗುತ್ತದೆ ಎಂಬ ತಿಳುವಳಿಕೆಯೂ ಇದ್ದರೆ ಇನ್ನೂ ಒಳ್ಳೆಯದು.

ಬೇಸಿಗೆಯ ದೊಡ್ಡ ಮೋಡ ನೆಲದಿಂದ ಹದಿನೈದು ಕಿಲೋಮೀಟರ್ ಎತ್ತರದವರೆಗೂ ಬೆಳೆಯಬಲ್ಲದು. ಅದರೊಳಗೆ ಮೇಲಕ್ಕೆ ಏರುವ ಸಣ್ಣ ಮಂಜಿನ ಹರಳುಗಳೂ ಕೆಳಕ್ಕೆ ಬೀಳುವ ಆಲಿಕಲ್ಲಿನ ಮರಿಗಳೂ ಒಂದಕ್ಕೊಂದು ತಾಗಿ ಉಜ್ಜಿಕೊಳ್ಳುತ್ತವೆ. ಹಾಗೆ ಉಜ್ಜಿಕೊಂಡಾಗ ಮೋಡದ ಮೇಲ್ಭಾಗಕ್ಕೆ ಧನ ವಿದ್ಯುತ್ತು, ಕೆಳಭಾಗಕ್ಕೆ ಋಣ ವಿದ್ಯುತ್ತು ಸೇರುತ್ತದೆ. ಗಾಳಿ ತಡೆಯಲಾರದಷ್ಟು ಸೇರಿದಾಗ ಮಿಂಚು ಹೊಡೆಯುತ್ತದೆ. ಆ ಗೆರೆಯಲ್ಲಿ ಗಾಳಿಯ ಶಾಖ ಸುಮಾರು 30,000 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. ಸೂರ್ಯನ ಮೇಲ್ಮೈಗಿಂತ ಐದು ಪಟ್ಟು ಬಿಸಿ! ಕಾದ ಗಾಳಿ ಒಮ್ಮೆಲೇ ಹಿಗ್ಗುವ ಸದ್ದೇ ಗುಡುಗು. ಭೂಮಿಯ ಮೇಲೆ ಎಲ್ಲಾ ಕಡೆಯದೂ ಸೇರಿಸಿದರೆ ಸೆಕೆಂಡಿಗೆ ಸರಾಸರಿ ನಲವತ್ತಕ್ಕೂ ಹೆಚ್ಚು ಮಿಂಚುಗಳು. ನಾವು ಇಷ್ಟು ಮಾತಾಡುವಷ್ಟರಲ್ಲಿ ಎಷ್ಟೋ ಸಾವಿರ ಆಗಿಹೋದವು.

ಇದು ಮೋಡದ ಒಳಗಿನ ಕತೆ. ಇನ್ನು ಮೋಡದ ಮೇಲೆ ಏನಿದೆ, ನೋಡೋಣ.

ಹಿರಿಯರಿಗೆಲ್ಲ ರೇಡಿಯೋ ಸಿಲೋನ್ ನೆನಪಿರಬೇಕು. ಸಮುದ್ರದಾಚೆಯ ಸಿಲೋನಿನ ಹಾಡು ನಮ್ಮ ಜಗಲಿಯ ಮೇಲೆ ಕೇಳಿಸುತ್ತಿತ್ತು. ರೇಡಿಯೋ ಅಲೆ ನೇರ ಹೋಗುವಂಥದ್ದು, ಭೂಮಿಯೋ ಗುಂಡಗಿದೆ. ಅಲೆ ಆಕಾಶಕ್ಕೆ ಹೊರಟುಹೋಗಬೇಕಿತ್ತಲ್ಲ? ಹೋಗಲಿಲ್ಲ, ಯಾಕೆಂದರೆ ಮೇಲೊಂದು ಸೂರು ಇದೆ. ಸೂರ್ಯನ ಕಣ್ಣಿಗೆ ಕಾಣದ ಕಿರಣಗಳು ಎತ್ತರದ ತೆಳುಗಾಳಿಯ ಕಣಗಳನ್ನು ಒಡೆದು ವಿದ್ಯುತ್ ಕಣಗಳನ್ನಾಗಿ ಮಾಡುತ್ತವೆ. ಸುಮಾರು 60 ಕಿಲೋಮೀಟರ್ ಎತ್ತರದಿಂದ ನೂರಾರು ಕಿಲೋಮೀಟರ್‌ವರೆಗೂ ಇಂಥ ಪದರಗಳಿವೆ. ಇದಕ್ಕೆ ಅಯಾನುಗೋಳ ಎಂದು ಹೆಸರು. 1901ರಲ್ಲಿ ಮಾರ್ಕೋನಿ ಅಟ್ಲಾಂಟಿಕ್ ಸಾಗರ ದಾಟಿಸಿ ಸಂಕೇತ ಕಳಿಸಿದಾಗ ಅದು ಹೇಗೆ ದಾಟಿತೆಂದು ಜನ ಬೆರಗಾದರು. 1924ರಲ್ಲಿ ಇಂಗ್ಲೆಂಡಿನ ಆಪಲ್ಟನ್ ಈ ಸೂರು ಇರುವುದನ್ನು ಪ್ರಯೋಗದಿಂದಲೇ ತೋರಿಸಿದರು.

ಹಗಲು ಕೇಳದ ದೂರದ ಮೀಡಿಯಂ ವೇವ್ ಸ್ಟೇಷನ್ ರಾತ್ರಿ ಕೇಳುವುದೂ ಇದರಿಂದಲೇ. ಹಗಲು ಈ ಸೂರಿನ ಕೆಳಪದರ ಅಲೆಗಳನ್ನು ಹೀರಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಆಗ ಮೇಲಿನ ಪದರ ಅಲೆಗಳನ್ನು ಕೆಳಕ್ಕೆ ತಿರುಗಿಸಿ ಕಳಿಸುತ್ತದೆ.

ಅದೇ ರೇಡಿಯೋದಲ್ಲಿ ಮಳೆಗಾಲಕ್ಕೆ ಮುಂಚೆ 'ಚರ್ ಚರ್' ಸದ್ದು ಬರುತ್ತಿತ್ತಲ್ಲ, ಅದು ಸಿಡಿಲಿನ ದನಿ. ಸಿಡಿಲು ಬೆಳಕು, ಶಬ್ದಗಳ ಜೊತೆಗೆ ರೇಡಿಯೋ ಅಲೆಯನ್ನೂ ಎಬ್ಬಿಸುತ್ತದೆ. ಅದರಲ್ಲೂ ತೀರಾ ಕಡಿಮೆ ಕಂಪನದ ಅಲೆಗಳು ಕೆಳಗೆ ನೆಲ, ಮೇಲೆ ಅಯಾನುಗೋಳ, ಇವೆರಡರ ನಡುವೆ ಓಣಿಯಲ್ಲಿ ಕೂಗಿದ ಕೂಗಿನ ಹಾಗೆ ಸಾವಿರಾರು ಕಿಲೋಮೀಟರ್ ಸಾಗುತ್ತವೆ.

ಸೂರಿನ ಕೆಳಗೆ ಓಡುವುದಷ್ಟೇ ಅಲ್ಲ, ಸಿಡಿಲು ಆ ಸೂರನ್ನು ಮುಟ್ಟುತ್ತದೆ ಕೂಡ. ನೊಬೆಲ್ ಬಹುಮಾನ ಪಡೆದ ಸಿ. ಟಿ. ಆರ್. ವಿಲ್ಸನ್ ಎಂಬ ವಿಜ್ಞಾನಿ, ದೊಡ್ಡ ಸಿಡಿಲು ಬಡಿದಾಗ ಮೋಡದ ಮೇಲಿನ ತೆಳುಗಾಳಿಯಲ್ಲೂ ಮಿಂಚಬೇಕೆಂದು 1920ರ ದಶಕದಲ್ಲೇ ಊಹಿಸಿದ್ದರು. ವಿಮಾನದ ಪೈಲಟ್‌ಗಳು ಆಗಾಗ "ಮೋಡದ ಮೇಲೆ ಕೆಂಪು ಬೆಳಕು ಕಂಡಿತು" ಎನ್ನುತ್ತಿದ್ದರೂ ನಂಬಿದವರು ಕಡಿಮೆ. 1989ರ ಜುಲೈ 6ರ ರಾತ್ರಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದವರು ಮಂದ ಬೆಳಕಿನ ಕ್ಯಾಮೆರಾ ಒಂದನ್ನು ಪರೀಕ್ಷೆ ಮಾಡುತ್ತಿದ್ದಾಗ ಆಕಸ್ಮಿಕವಾಗಿ ಅದು ಚಿತ್ರದಲ್ಲಿ ಸಿಕ್ಕಿತು. ಈಗ ಅದನ್ನು 'ಸ್ಪ್ರೈಟ್' ಎನ್ನುತ್ತಾರೆ. 50ರಿಂದ 90 ಕಿಲೋಮೀಟರ್ ಎತ್ತರದಲ್ಲಿ, ಬಿಳಲು ಇಳಿಬಿಟ್ಟ ಆಲದ ಮರದಂತೆ ಕೆಂಪಾಗಿ ಹೊಳೆದು, ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಗುತ್ತದೆ. 'ಎಲ್ವ್ಸ್' ಎಂಬ ಇನ್ನೊಂದು ಬಗೆ ಇದೆ. ಅದು ಸುಮಾರು 90 ಕಿಲೋಮೀಟರ್ ಎತ್ತರದಲ್ಲಿ, ಕೆರೆಗೆ ಕಲ್ಲೆಸೆದಾಗ ಏಳುವ ಉಂಗುರದಂತೆ, ಸೆಕೆಂಡಿನ ಸಾವಿರದ ಒಂದು ಭಾಗದಷ್ಟರೊಳಗೆ ನೂರಾರು ಕಿಲೋಮೀಟರ್ ಅಗಲಕ್ಕೆ ಹರಡುತ್ತದೆ.

ಸಿಡಿಲಿನ ಅಲೆಗಳಲ್ಲಿ ಕೆಲವು ಸೂರನ್ನು ತೂರಿಕೊಂಡು ಹೊರಗೂ ಹೋಗುತ್ತವೆ. ಭೂಮಿಯ ಕಾಂತಕ್ಷೇತ್ರದ ಗೆರೆ ಹಿಡಿದು ಬಾಹ್ಯಾಕಾಶದಲ್ಲಿ ಸಾವಿರಾರು ಕಿಲೋಮೀಟರ್ ಸುತ್ತಿ, ಭೂಮಿಯ ಇನ್ನೊಂದು ಅರ್ಧಗೋಳದಲ್ಲಿ ಇಳಿಯುತ್ತವೆ. ದಾರಿಯಲ್ಲಿ ಎತ್ತರದ ಸ್ವರ ಬೇಗ ಬರುತ್ತದೆ, ತಗ್ಗಿನ ಸ್ವರ ಹಿಂದೆ ಬೀಳುತ್ತದೆ. ಕೇಳಿದರೆ ಯಾರೋ ಶಿಳ್ಳೆ ಹಾಕಿ ಸ್ವರ ಇಳಿಸಿದ ಹಾಗೆ ಇರುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಶತ್ರುಗಳ ಟೆಲಿಫೋನು ಕದ್ದು ಕೇಳುತ್ತಿದ್ದವರ ಕಿವಿಗೆ ಈ ಶಿಳ್ಳೆ ಬಿದ್ದಿತ್ತು. ಇದು ಸಿಡಿಲಿನದೇ ಎಂದು 1953ರಲ್ಲಿ ವಿವರಿಸಿದವರು ಕೇಂಬ್ರಿಡ್ಜಿನ ಸ್ಟೋರಿ. ನಮ್ಮ ದೇಶದಲ್ಲಿ ವಾರಾಣಸಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದವರು ಬಹಳ ಕಾಲದಿಂದ ಈ ಶಿಳ್ಳೆಗಳ ಅಧ್ಯಯನ ಮಾಡಿದ್ದಾರೆ.

ಹೀಗೆ ಕೆಳಗಿನಿಂದ ಸಿಡಿಲು ಆ ಸೂರನ್ನು ಅಲುಗಿಸಿದರೆ, ಮೇಲಿನಿಂದ ಸೂರ್ಯ ಅಲುಗಿಸುತ್ತಾನೆ.

ದಿನವೂ ಕೈಮುಗಿಯುವ ಸೂರ್ಯನಾರಾಯಣನಿಗೂ ಒಮ್ಮೊಮ್ಮೆ ಸಿಟ್ಟು ಬರುತ್ತದೆ. ಅವನ ಮೇಲ್ಮೈಯ ಕಪ್ಪು ಕಲೆಗಳ ಬಳಿ ಜ್ವಾಲೆ ಸಿಡಿದಾಗ ಅದರ ಎಕ್ಸ್ ಕಿರಣ ಎಂಟು ನಿಮಿಷಕ್ಕೆ ಭೂಮಿಗೆ ತಲುಪಿ ಅಯಾನುಗೋಳದ ಕೆಳಪದರವನ್ನು ದಪ್ಪ ಮಾಡುತ್ತದೆ. ಹಗಲಿರುವ ಕಡೆ ಶಾರ್ಟ್ ವೇವ್ ರೇಡಿಯೋ ಮಂಕಾಗಿಬಿಡುತ್ತದೆ. ಜೊತೆಗೆ ಸೂರ್ಯ ವಿದ್ಯುತ್ ಕಣಗಳ ದೊಡ್ಡ ಮುದ್ದೆಯನ್ನೇ ಉಗುಳಿದರೆ ಅದು ಸಾಮಾನ್ಯವಾಗಿ ಒಂದೆರಡು ದಿನ, ಮೂರು ದಿನದಲ್ಲಿ ಬಂದು ಭೂಮಿಯ ಕಾಂತಕ್ಷೇತ್ರಕ್ಕೆ ಅಪ್ಪಳಿಸುತ್ತದೆ. ಇದೇ ಭೂಕಾಂತ ಬಿರುಗಾಳಿ. ಇದೆಲ್ಲವನ್ನೂ ಸೇರಿಸಿ ಬಾಹ್ಯಾಕಾಶದ ಹವಾಮಾನ ಎನ್ನುತ್ತಾರೆ.

1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ಕ್ಯಾರಿಂಗ್ಟನ್ ಇಂಥದೊಂದು ಜ್ವಾಲೆಯನ್ನು ದುರ್ಬೀನಿನಲ್ಲಿ ಕಂಡರು. ಮಾರನೇ ದಿನವೇ ಯುರೋಪು, ಅಮೆರಿಕಗಳಲ್ಲಿ ತಂತಿ ಕಚೇರಿಗಳ ಉಪಕರಣಗಳಲ್ಲಿ ಕಿಡಿ ಹಾರಿತು. ನಮ್ಮ ಮುಂಬಯಿಯ ಕೊಲಾಬಾ ವೀಕ್ಷಣಾಲಯದ ಕಾಂತಮಾಪಕದಲ್ಲೂ ಆ ಬಿರುಗಾಳಿ ದಾಖಲಾಯಿತು. ನೂರೈವತ್ತು ವರ್ಷದ ನಂತರವೂ ಲೋಕದ ವಿಜ್ಞಾನಿಗಳು ಆ ದಾಖಲೆಯನ್ನೇ ಆಧಾರ ಮಾಡಿಕೊಂಡು ಅದರ ಬಲವನ್ನು ಲೆಕ್ಕ ಹಾಕಿದರು. ಪುಸ್ತಕ ಸರಿಯಾಗಿ ಬರೆದಿಟ್ಟರೆ ಎಷ್ಟು ಕಾಲ ಉಪಯೋಗಕ್ಕೆ ಬರುತ್ತದೆ ನೋಡಿ. ಲೆಕ್ಕ ಬರೆಯುವ ಕಾರ್ಯದರ್ಶಿಗಳು ಇದನ್ನು ಗಮನಿಸಬೇಕು. 1989ರ ಮಾರ್ಚ್ 13ರಂದು ಇನ್ನೊಂದು ಬಿರುಗಾಳಿ ಕೆನಡಾದ ಕ್ವಿಬೆಕ್ ಪ್ರಾಂತದ ಕರೆಂಟನ್ನೇ ತೆಗೆಯಿತು. ಸುಮಾರು 60 ಲಕ್ಷ ಜನ ಒಂಬತ್ತು ಗಂಟೆ ಕತ್ತಲಲ್ಲಿದ್ದರು.

ರೈತರಾದ ನಮಗೆ ಹತ್ತಿರವಾದ ಉದಾಹರಣೆ 2024ರ ಮೇ 10, 11ರದು. ಇಪ್ಪತ್ತು ವರ್ಷಗಳಲ್ಲೇ ದೊಡ್ಡ ಭೂಕಾಂತ ಬಿರುಗಾಳಿ ಅಂದು ಎದ್ದಿತು. ಲಡಾಖಿನ ಹಾನ್ಲೆಯಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ಕ್ಯಾಮೆರಾಗಳಿಗೆ ಆಕಾಶ ಕೆಂಪೇರಿದ್ದು ಕಂಡಿತು. ಅಮೆರಿಕದ ಮಧ್ಯಭಾಗದಲ್ಲಿ ಅದು ಮೆಕ್ಕೆಜೋಳ ಬಿತ್ತುವ ಕಾಲ. ಅಲ್ಲಿಯ ಟ್ರ್ಯಾಕ್ಟರುಗಳು ಉಪಗ್ರಹದ ಸಂಕೇತ ನೋಡಿಕೊಂಡು ಅಂಗುಲದ ಲೆಕ್ಕದಲ್ಲಿ ಸಾಲು ಹಿಡಿಯುತ್ತವೆ. ಅಯಾನುಗೋಳ ಕದಡಿದ್ದರಿಂದ ಸಂಕೇತ ತಪ್ಪಿ ಸಾಲು ಸೊಟ್ಟಗಾಯಿತು. ಹದವಾದ ಭೂಮಿ, ಚೀಲದಲ್ಲಿ ಬೀಜ, ಟ್ಯಾಂಕಿನಲ್ಲಿ ಡೀಸೆಲ್ ಎಲ್ಲಾ ಇದ್ದೂ ಎಷ್ಟೋ ರೈತರು ಬಿತ್ತನೆ ನಿಲ್ಲಿಸಬೇಕಾಯಿತು. ನಮ್ಮಲ್ಲಿ ಮೊಬೈಲು ದಾರಿ ತೋರಿಸುವುದೂ ಇಂಥ ಉಪಗ್ರಹಗಳಿಂದಲೇ.

ಇದನ್ನು ಕಾಯುವ ಕೆಲಸದಲ್ಲಿ ನಮ್ಮ ದೇಶ ಹಿಂದೆ ಬಿದ್ದಿಲ್ಲ. 1963ರ ನವೆಂಬರ್ 21ರಂದು ಕೇರಳದ ತುಂಬಾದಿಂದ ಮೊದಲ ರಾಕೆಟ್ ಹಾರಿಸಿದ್ದು ಮೇಲ್ವಾಯುಮಂಡಲವನ್ನು ತಿಳಿಯಲಿಕ್ಕೆ. ಭೂಮಿಯ ಕಾಂತೀಯ ಸಮಭಾಜಕ ಆ ಊರಿನ ಹತ್ತಿರವೇ ಹಾದುಹೋಗುವುದರಿಂದ ವಿಕ್ರಮ್ ಸಾರಾಭಾಯಿಯವರು ಆ ಮೀನುಗಾರರ ಹಳ್ಳಿಯನ್ನು ಆರಿಸಿದರು. ನಮ್ಮ ಗೌರಿಬಿದನೂರಿನ ಬಯಲಿನಲ್ಲಿ ಹರಡಿರುವ ಆಂಟೆನಾಗಳು ಸೂರ್ಯನ ರೇಡಿಯೋ ಅಲೆಗಳನ್ನು ಹಿಡಿಯುತ್ತವೆ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ ಎಲ್-1 ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ ನಿಂತು ಸೂರ್ಯನನ್ನು ನೋಡಲೆಂದು ಹೋಯಿತು. ಅದರ ಮುಖ್ಯ ಉಪಕರಣವನ್ನು ಸಿದ್ಧಪಡಿಸಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು, ನಮ್ಮ ಹೊಸಕೋಟೆಯಲ್ಲಿ.

ಆದರೆ ಒಂದು ತೊಡಕು ಇದೆ. ಅಯಾನುಗೋಳದ ಕೆಳಪದರ ಇರುವುದು 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ. ವಿಮಾನ ಹತ್ತು ಹನ್ನೆರಡು ಕಿಲೋಮೀಟರ್ ಏರುತ್ತದೆ, ದೊಡ್ಡ ಬಲೂನು ಸುಮಾರು ನಲವತ್ತು. ಉಪಗ್ರಹವನ್ನು ಅಷ್ಟು ಕೆಳಕ್ಕೆ ಇಳಿಸಿದರೆ ಗಾಳಿಗೆ ಸಿಕ್ಕಿ ಉರಿದುಹೋಗುತ್ತದೆ. ರಾಕೆಟ್ ಹಾದುಹೋಗುತ್ತದೆ, ಆದರೆ ಕೆಲವೇ ನಿಮಿಷ. ಯಾರೂ ಹೋಗಿ ಕೂರಲಾಗದ ಜಾಗವನ್ನು ದಿನವೂ ಅಳೆಯುವುದು ಹೇಗೆ?

ಇಲ್ಲಿ ಸಿಡಿಲೇ ನೆರವಿಗೆ ಬರುತ್ತದೆ. ಕುಂಬಾರನ ಅಂಗಡಿಯಲ್ಲಿ ಗಡಿಗೆ ಕೊಳ್ಳುವಾಗ ಬೆರಳಿನಿಂದ ಬಡಿದು ದನಿ ಕೇಳುತ್ತೇವಲ್ಲ, ಹಾಗೆ. ಎಲ್ಲೋ ಬಡಿದ ಸಿಡಿಲಿನ ಅಲೆ ಆ ಸೂರಿಗೆ ತಾಗಿ ತಾಗಿ ಬರುತ್ತದೆ. ಬಂದ ಅಲೆಯ ಬಲ ಎಷ್ಟು, ಎಷ್ಟು ತಡವಾಗಿ ಬಂತು ಎಂದು ನೋಡಿದರೆ ಸೂರು ಎಷ್ಟು ಎತ್ತರದಲ್ಲಿದೆ, ಎಷ್ಟು ದಪ್ಪವಿದೆ ಎಂದು ಗೊತ್ತಾಗುತ್ತದೆ. ಹಗಲು ಸುಮಾರು 70 ಕಿಲೋಮೀಟರಿನಲ್ಲಿದ್ದ ಸೂರು ರಾತ್ರಿ 85ಕ್ಕೆ ಏರುತ್ತದೆ. ಸೂರ್ಯನಲ್ಲಿ ಜ್ವಾಲೆ ಸಿಡಿದ ಕೂಡಲೇ ಕೆಳಗೆ ಸರಿಯುತ್ತದೆ. ತಮಿಳುನಾಡಿನ ವಿಜಯನಾರಾಯಣಂನಲ್ಲಿ ಜಲಾಂತರ್ಗಾಮಿಗಳಿಗೆ ಸಂದೇಶ ಕಳಿಸುವ ನಮ್ಮ ನೌಕಾಪಡೆಯ ಕೇಂದ್ರವಿದೆ. ಅದರ ಅಲೆಗಳನ್ನೂ ವಿಜ್ಞಾನಿಗಳು ಇದೇ ರೀತಿ ಉಪಯೋಗಿಸುತ್ತಾರೆ.

ಸಹಕಾರಿಗಳಾದ ನಾವು ಚೆನ್ನಾಗಿ ಕೇಳಬೇಕಾದ ಮಾತು ಇನ್ನು ಮುಂದಿನದು. ಸಿಡಿಲು ಎಲ್ಲಿ ಬಡಿಯಿತು ಎಂದು ಒಂದೇ ಕೇಂದ್ರ ನಿಖರವಾಗಿ ಹೇಳಲಾರದು. ಒಂದೇ ಅಲೆ ಬೇರೆ ಬೇರೆ ಊರಿನ ಕೇಂದ್ರಗಳಿಗೆ ಯಾವ ಯಾವ ಕ್ಷಣಕ್ಕೆ ತಲುಪಿತು ಎಂದು ಕೂಡಿಸಿ ನೋಡಿದರೆ ಜಾಗ ಸಿಗುತ್ತದೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ನಡೆಸುವ ಜಾಗತಿಕ ಜಾಲ ಒಂದಿದೆ. ಬೇರೆ ಬೇರೆ ದೇಶಗಳ ವಿಶ್ವವಿದ್ಯಾಲಯ, ಸಂಶೋಧನಾ ಕೇಂದ್ರಗಳವರು ತಂತಮ್ಮ ಛಾವಣಿಯ ಮೇಲೆ ಒಂದು ಆಂಟೆನಾ ನಿಲ್ಲಿಸಿ, ತಮಗೆ ಕೇಳಿಸಿದ್ದನ್ನು ಕಳಿಸುತ್ತಾರೆ. ಕನಿಷ್ಠ 5 ಕೇಂದ್ರಗಳಿಗೆ ಕೇಳಿಸಿದ ಸಿಡಿಲನ್ನು ಮಾತ್ರ ಅಲ್ಲಿ ಲೆಕ್ಕಕ್ಕೆ ಹಿಡಿಯುತ್ತಾರೆ. ಒಬ್ಬೊಬ್ಬರು ಹಾಕುವುದು ಒಂದೊಂದು ಲೀಟರು, ಕ್ಯಾನು ತುಂಬುವುದು ಎಲ್ಲರದೂ ಸೇರಿದಾಗ. ನಮ್ಮ ಸಂಘ ಇಪ್ಪತ್ತೈದು ವರ್ಷದಿಂದ ಮಾಡುತ್ತಿರುವುದೂ ಇದನ್ನೇ ಅಲ್ಲವೇ?

ನಮ್ಮ ದೇಶದಲ್ಲೂ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯವರು 80ಕ್ಕೂ ಹೆಚ್ಚು ಕಡೆ ಇಂಥ ಕೇಂದ್ರಗಳನ್ನು ಇಟ್ಟು ಜಾಲ ಕಟ್ಟಿದ್ದಾರೆ. ಅದರ ಫಲವೇ 'ದಾಮಿನಿ' ಎಂಬ ಮೊಬೈಲ್ ಆ್ಯಪ್. ನಾವಿರುವ ಜಾಗದಿಂದ 20 ಕಿಲೋಮೀಟರ್, 40 ಕಿಲೋಮೀಟರ್ ಸುತ್ತಿನಲ್ಲಿ ಸಿಡಿಲಿದ್ದರೆ ಅದು ಎಚ್ಚರಿಸುತ್ತದೆ. ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಎತ್ತರದ ಆಕಾಶದ ಬಗ್ಗೆ ನೂರು ವರ್ಷ ಕೆಲಸ ಮಾಡಿದವರ ವಿದ್ಯೆ ಕಡೆಗೆ ನಮ್ಮ ಜೇಬಿಗೇ ಬಂದು ಕೂತಿದೆ. ಅದನ್ನು ತೆರೆದು ನೋಡುವವರು ಬೇಕಷ್ಟೆ.

ಮೊಬೈಲು ಇಲ್ಲದಿದ್ದರೂ ಲೆಕ್ಕ ಸುಲಭ. ಮಿಂಚು ಕಂಡ ಕೂಡಲೇ ಒಂದು, ಎರಡು ಎಂದು ಎಣಿಸಿ. ಮೂರು ಎಣಿಸುವಷ್ಟರಲ್ಲಿ ಶಬ್ದ ಸುಮಾರು ಒಂದು ಕಿಲೋಮೀಟರ್ ಬರುತ್ತದೆ. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿಸಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗೇ ಇದೆ, ಮುಂದಿನದು ನಮ್ಮ ಮೇಲೇ ಬೀಳಬಹುದು. ಆಗ ಪಕ್ಕಾ ಮನೆಯೊಳಗೋ ಬಾಗಿಲು ಮುಚ್ಚಿದ ಕಾರಿನೊಳಗೋ ಸೇರಬೇಕು. ಕೊನೆಯ ಗುಡುಗು ಕೇಳಿ ಮೂವತ್ತು ನಿಮಿಷ ಆಗುವ ತನಕ ಹೊರಗೆ ಬರಬಾರದು.

ಹಾಲಿನ ಕ್ಯಾನು, ಮೊಬೈಲು ಸಿಡಿಲನ್ನು ಕರೆಯುತ್ತವೆ ಎಂದು ಕೆಲವರು ಹೆದರುತ್ತಾರೆ. ಹಾಗಿಲ್ಲ. ಬಯಲಿನಲ್ಲಿ ಎತ್ತರವಾಗಿ ಒಂಟಿಯಾಗಿ ನಿಂತದ್ದಕ್ಕೆ ಸಿಡಿಲು ಬಡಿಯುವುದು ಹೆಚ್ಚು. ಒಂಟಿ ಹುಣಸೆಮರ, ತೆಂಗಿನಮರ, ಅಥವಾ ಬಯಲಲ್ಲಿ ನಿಂತ ನಾವೇ. ಮರಕ್ಕೆ ಬಡಿದ ಸಿಡಿಲು ನೆಲದಲ್ಲೂ ಹರಡುತ್ತದೆ. ದನದ ಮುಂಗಾಲು ಹಿಂಗಾಲುಗಳ ನಡುವೆ ಅಂತರ ಹೆಚ್ಚು, ಆದ್ದರಿಂದ ಒಂದು ಕಾಲಿನಿಂದ ಹತ್ತಿದ ಕರೆಂಟು ಮೈಯೊಳಗೆ ಹಾದು ಇನ್ನೊಂದು ಕಾಲಿನಿಂದ ಇಳಿಯುತ್ತದೆ. 2016ರ ಆಗಸ್ಟ್ ತಿಂಗಳಲ್ಲಿ ನಾರ್ವೆ ದೇಶದ ಬೆಟ್ಟದ ಬಯಲೊಂದರಲ್ಲಿ ಒಟ್ಟಾಗಿ ನಿಂತಿದ್ದ 323 ಹಿಮಸಾರಂಗಗಳು ಹೀಗೆ ಸತ್ತವು. ಆದ್ದರಿಂದ ಮೋಡ ಕಟ್ಟಿದಾಗ ದನಗಳನ್ನು ಮರದ ಬುಡದ ಗೂಟದಿಂದ ಬಿಚ್ಚಿ ಕೊಟ್ಟಿಗೆಗೆ ತರಬೇಕು. ಅದೂ ಗುಡುಗು ಕೇಳುವುದಕ್ಕೆ ಮುಂಚೆ. ಗುಡುಗು ಶುರುವಾದ ಮೇಲೆ ಹಸು ತರಲೆಂದು ಬಯಲಿಗೆ ಓಡಬೇಡಿ. ಹಸು ಹೋದರೆ ಇನ್ನೊಂದು ಕಟ್ಟಬಹುದು ತಾಯಂದಿರೇ, ಮನೆಯವರು ಹೋದರೆ ತರಲಾಗುತ್ತದೆಯೇ?

ಯಾರಿಗಾದರೂ ಸಿಡಿಲು ಬಡಿದರೆ ಅವರ ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ. ಹೆದರದೆ ಮುಟ್ಟಿ. ಉಸಿರು ನಿಂತಿದ್ದರೆ ಎದೆಯ ನಡುವೆ ಎರಡೂ ಕೈಯಿಂದ ಒತ್ತುತ್ತಾ ಇರಿ, ಜೊತೆಯವರು 108ಕ್ಕೆ ಫೋನು ಮಾಡಲಿ. ಕೆಲವು ಕಡೆ ಸೆಗಣಿಯಲ್ಲಿ ಹೂಳುವ ಪದ್ಧತಿ ಇದೆ. ಉಳಿಯಬಹುದಾದ ಜೀವವೂ ಆ ಹೊತ್ತಿನಲ್ಲಿ ಹೋಗಿಬಿಡುತ್ತದೆ.

ಕೊನೆಯದಾಗಿ ಆಡಳಿತ ಮಂಡಳಿಯವರ ಮುಂದೆ ನಮ್ಮ ಎರಡು ವಿನಂತಿ. ಒಂದು, ಮಾರ್ಚಿಯಿಂದ ಮೇ, ಮತ್ತೆ ಅಕ್ಟೋಬರಿನಲ್ಲಿ, ಮಧ್ಯಾಹ್ನ ಮೂರರ ಮೇಲೆ ದಾಮಿನಿ ನೋಡುವ ಕೆಲಸವನ್ನು ಡೈರಿಯಲ್ಲಿ ಒಬ್ಬರಿಗೆ ವಹಿಸಬೇಕು. ಎಚ್ಚರಿಕೆ ಬಂದ ತಕ್ಷಣ ಮೈಕಿನಲ್ಲಿ ಕೂಗಿ ಊರಿಗೆಲ್ಲ ಹೇಳಬೇಕು. ಇದಕ್ಕೆ ನಮ್ಮ ಶಾಲೆಯ ಹುಡುಗ ಹುಡುಗಿಯರನ್ನು ತಯಾರು ಮಾಡಿಕೊಡುತ್ತೇವೆ. ಎರಡನೆಯದು ಸ್ವಲ್ಪ ಕಷ್ಟದ್ದು. ಅಂಥ ಸಂಜೆಗಳಲ್ಲಿ ಕೊನೆಯ ಗುಡುಗು ಕಳೆದು ಅರ್ಧ ಗಂಟೆ ಆಗುವ ತನಕ ಹಾಲು ತೆಗೆದುಕೊಳ್ಳುವುದನ್ನು ನಿಲ್ಲಿಸಿ, ಆಮೇಲೆ ತಂದವರ ಹಾಲನ್ನೂ ತೆಗೆದುಕೊಳ್ಳಬೇಕು. ಲಾರಿಯನ್ನು ಅಷ್ಟು ಹೊತ್ತು ತಡೆಯಲು ಒಕ್ಕೂಟದವರ ಜೊತೆ ಮಾತಾಡಬೇಕು. ಸೆಕೆಯಲ್ಲಿ ಹಾಲು ಕೆಡುವ ಭಯ ಇದೆ, ಲಾರಿಯವರಿಗೂ ಮುಂದಿನ ಊರುಗಳಿವೆ ಎಂಬುದು ನಮಗೂ ಗೊತ್ತು. ಆದರೂ ನಾಲ್ಕು ಲೀಟರ್ ಹಾಲು ತಪ್ಪಿಹೋದೀತೆಂದು ಹೆಣ್ಣುಮಗಳೊಬ್ಬಳು ಸಿಡಿಲಿನಲ್ಲಿ ಓಡಿಬರುವ ಹಾಗೆ ನಮ್ಮ ಸಂಘದ ನಿಯಮ ಇರಬಾರದು. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯ ಇಟ್ಟು ತೀರ್ಮಾನ ಮಾಡಬೇಕೆಂದು ಕೋರುತ್ತೇವೆ.

ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲಿ.

ಜೈ ಸಹಕಾರ, ಜೈ ಕರ್ನಾಟಕ.